ಗೊತ್ತುಪಾಡು ತಪ್ಪಿದ ಯೂರೋಪು ಯಾತ್ರೆ

ನಮ್ಮ ಹಿರಿಯರ ಕಾಲದಲ್ಲಿ ಕಾಶೀಯಾತ್ರೆಗೆ ಹೊರಡುವವರು ಹಿಂದಿರುಗುವ ದಿನವನ್ನು ಗೊತ್ತುಮಾಡಿಕೊಳ್ಳುತ್ತಿರಲಿಲ್ಲವೆಂದು ಕೇಳಿದ್ದೇವೆ. ಛತ್ರ ತುಂಬಿದ್ದರೆ ಮರದ ನೆರಳು, ಹೊಳೆ ತುಂಬಿದ್ದರೆ ಇಳಿಯುವವರೆಗೆ ದಡದಲ್ಲಿ ವಾಸ. ದಿನವನ್ನೇ ಗೊತ್ತುಮಾಡದವರಿಗೆ ದಿನ ತಪ್ಪಿತೆಂಬ ವ್ಯಥೆಯೂ ಇರಲಿಲ್ಲ. ಈಗಿನ ಯಾತ್ರಿಕನ ಸ್ಥಿತಿ ಬೇರೆ. ಮಾಗಡಿಯಂಥ ಊರಿನ ಮಕ್ಕಳೂ ಉದ್ಯೋಗಾರ್ಥವಾಗಿ ಯೂರೋಪು ಖಂಡವನ್ನು ಸೇರಿರುವ ಈ ಕಾಲದಲ್ಲಿ, ಅವರನ್ನು ನೋಡಿಬರಲೆಂದು ಅರುವತ್ತರ ತಂದೆತಾಯಿಗಳು ಹೊರಡುವುದು ಅಪೂರ್ವವಲ್ಲ. ವಿಮಾನ ಇಂಥ ಗಂಟೆಗೆ, ರೈಲು ಇಂಥ ನಿಮಿಷಕ್ಕೆ, ಕೊಠಡಿ ಇಂಥ ಬೀದಿಯಲ್ಲಿ ಎಂದು ತಿಂಗಳುಗಳ ಮುಂಚೆಯೇ ಎಲ್ಲವನ್ನೂ ಗೊತ್ತುಮಾಡಿ, ಹಣವನ್ನೂ ಕಟ್ಟಿರುತ್ತಾರೆ. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೆ ಮಾಡತಕ್ಕದ್ದೇನು? ಈ ಪ್ರಶ್ನೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತಾದುದರಿಂದ, ಆಗ ನಾವು ಕಲಿತದ್ದನ್ನು ವಾಚಕರಿಗೆ ಅರಿಕೆಮಾಡುವೆವು.

ನಮ್ಮ ಮಗಳು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ನಾವು ಅವಳ ಮುಖ ನೋಡಿ ನಾಲ್ಕು ವರ್ಷಗಳಾಗಿದ್ದುವು. ಚಳಿಗಾಲದಲ್ಲಿ ಅವಳಿಗೆ ಒಂದು ಶಸ್ತ್ರಚಿಕಿತ್ಸೆಯಾಗಿತ್ತು. ನಮಗೆ ಗಾಬರಿಯಾದೀತೆಂದು ಗುಣವಾದ ಮೇಲೆ ತಿಳಿಸಿದಳು. ಆ ಸುದ್ದಿ ಕೇಳಿದ ದಿನವೇ ನಮ್ಮ ಗೃಹಿಣಿ, "ಇನ್ನು ತಡಮಾಡುವುದು ಬೇಡ, ಹೋಗಿ ನೋಡಿಬರೋಣ" ಎಂದಳು. ಯಾತ್ರೆಯ ಮೂಲ ಇಷ್ಟೇ. ಆದರೆ ಕಾರ್ಯಕ್ರಮವನ್ನು ಬರೆಯುವ ಭಾರ ನಮ್ಮ ಮೇಲೆ ಬಿತ್ತು. ಮೂವತ್ತು ವರ್ಷ ಶಾಲೆಯ ವೇಳಾಪಟ್ಟಿಯನ್ನು ಬರೆದ ಕೈ ಸುಮ್ಮನಿರುವುದುಂಟೆ? ಯೂರೋಪಿನಲ್ಲಿ ಮೊತ್ತಮೊದಲು ಸಂಸ್ಕೃತಕ್ಕೊಂದು ಅಧ್ಯಾಪಕಪೀಠ ಏರ್ಪಟ್ಟದ್ದು 1814ರಲ್ಲಿ, ಪ್ಯಾರಿಸ್ಸಿನ ಕಾಲೇಜ್ ದ ಫ್ರಾನ್ಸ್‌ನಲ್ಲಿ. ಆ ಕಟ್ಟಡವನ್ನು ಹೊರಗಿನಿಂದಲಾದರೂ ನೋಡಬೇಕೆಂದು ಪ್ಯಾರಿಸ್ಸಿಗೆ ಮೂರು ರಾತ್ರಿ ಇಟ್ಟೆವು. ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ, 1843ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದ ಮಿಷನ್ನಿನ ಮೂಲಸ್ಥಾನವೆಂದು ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ಒಂದು ರಾತ್ರಿ. ಆಮೇಲೆ ಸ್ಟುಟ್‌ಗಾರ್ಟಿನಲ್ಲಿ ಮಗಳ ಮನೆ. 2025ರ ಜೂನ್ 24ರ ಮುಂಜಾನೆ ಹೊರಟು, 28ರ ಸಂಜೆ ಅವಳಲ್ಲಿಗೆ ತಲುಪಿ, ಜುಲೈ 6ರಂದು ಫ್ರಾಂಕ್‌ಫರ್ಟಿನಿಂದ ಹಿಂದಿರುಗತಕ್ಕದ್ದು. ಮಗಳಿಗೆ ಜೂನ್ 30, ಜುಲೈ 1 ಮತ್ತು 2 ಈ ಮೂರು ದಿನ ಮಾತ್ರ ರಜೆ ದೊರೆತಿತ್ತು. ಪಟ್ಟಿಯನ್ನು ಶುದ್ಧಪ್ರತಿ ಮಾಡಿ ಗೋಡೆಗೆ ಅಂಟಿಸಿದೆವು. ಅದರಲ್ಲಿ ಒಂದು ಗಂಟೆಯೂ ಬರಿದಾಗಿರಲಿಲ್ಲ. ಆಗ ಅದನ್ನೇ ಅದರ ಗುಣವೆಂದು ಭಾವಿಸಿದ್ದೆವು.

ಜೂನ್ 23ರ ರಾತ್ರಿ ಊಟ ಮುಗಿಸಿ, ನೆರೆಯವರಿಂದ ಕುಂಕುಮ ತಾಂಬೂಲಗಳನ್ನು ಪಡೆದು, ಬಾಡಿಗೆಯ ಕಾರಿನಲ್ಲಿ ಬೆಂಗಳೂರಿನ ಕಡೆಗೆ ಹೊರಟೆವು. ಕಾರು ತಾವರೆಕೆರೆಯನ್ನು ಸಮೀಪಿಸುತ್ತಿದ್ದಾಗ ಮೊಬೈಲಿಗೆ ಸಮಾಚಾರ ಬಂತು. ಕೊಲ್ಲಿಯ ದೇಶಗಳಲ್ಲಿ ಯುದ್ಧದ ಭೀತಿಯುಂಟಾಗಿ, ಕತಾರ್ ಮೊದಲಾದ ಸಂಸ್ಥಾನಗಳು ತಮ್ಮ ಆಕಾಶಮಾರ್ಗವನ್ನು ಮುಚ್ಚಿದ್ದುವು. ಆ ಮಾರ್ಗವಾಗಿ ಹೋಗಬೇಕಾಗಿದ್ದ ನಮ್ಮ ವಿಮಾನ ರದ್ದಾಗಿತ್ತು. ಮಾರ್ಗವೇನೋ ಕೆಲವು ಗಂಟೆಗಳಲ್ಲಿಯೇ ತೆರೆಯಿತು. ಆದರೆ ವಿಮಾನಗಳೆಲ್ಲ ಇರಬಾರದ ಊರುಗಳಲ್ಲಿ ನಿಂತಿದ್ದುವು. ಸಾವಿರಾರು ಜನ ಮುಂದಿನ ಸ್ಥಳಕ್ಕಾಗಿ ಕಾದಿದ್ದರು. ನಮಗೆ ದೊರೆಯಬಹುದಾದ ಸ್ಥಳ 27ರ ಮುಂಜಾನೆಯ ವಿಮಾನದಲ್ಲೆಂದು ತಿಳಿದುಬಂತು. ಸಾವನದುರ್ಗದ ಕಪ್ಪುನೆರಳನ್ನು ನೋಡುತ್ತ ನಡುರಾತ್ರಿಯಲ್ಲಿ ಮಾಗಡಿಗೆ ಮರಳಿದೆವು. ಬೀಳ್ಕೊಟ್ಟ ನೆರೆಯವರಿಗೆ ಬೆಳಿಗ್ಗೆ ಮುಖ ತೋರಿಸುವುದು ಹೇಗೆಂಬುದೇ ಆಗ ನಮ್ಮ ದೊಡ್ಡ ಚಿಂತೆಯಾಗಿದ್ದಿತೆಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ನಿದ್ರೆ ಬರಲಿಲ್ಲ. ಗೋಡೆಯ ಪಟ್ಟಿಯನ್ನು ಕಿತ್ತು ಮೇಜಿನ ಮೇಲಿಟ್ಟುಕೊಂಡು, ಎಲ್ಲ ದಿನಾಂಕಗಳನ್ನೂ ಮೂರು ಮೂರು ದಿನ ಮುಂದಕ್ಕೆ ತಳ್ಳತೊಡಗಿದೆವು. ಪ್ಯಾರಿಸ್ಸು ಉಳಿಯಿತು, ಬಾಸೆಲ್ ಉಳಿಯಿತು, ಸ್ಟುಟ್‌ಗಾರ್ಟಿಗೆ ತಲುಪುವುದು ಜುಲೈ 1ರ ಸಂಜೆ. ಕಾಫಿ ತಂದಿಟ್ಟ ನಮ್ಮ ಗೃಹಿಣಿ ಹಾಳೆಯನ್ನು ನೋಡಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನೋಡಿ, ಒಂದು ಮಾತು ಕೇಳುತ್ತೇನೆ, ಕೋಪಮಾಡಿಕೊಳ್ಳಬೇಡಿ. ಅವಳ ರಜೆ ಮೂರು ದಿನ. ನಿಮ್ಮ ಈ ಲೆಕ್ಕದಲ್ಲಿ ಅವಳ ಪಾಲಿಗೆ ಒಂದು ದಿನ ಉಳಿಯಿತು. ನಾವು ಹೊರಟದ್ದು ಯಾರನ್ನು ನೋಡುವುದಕ್ಕೆ?" ಎಂದಳು.

"ಪ್ಯಾರಿಸ್ಸಿನ ಕೊಠಡಿಗೆ ಹಣ ಕಟ್ಟಿದೆಯಲ್ಲ!" ಎಂದೆವು.

"ಕಟ್ಟಿದ ಹಣ ಹೋದರೆ ಮುಂದಿನ ತಿಂಗಳ ಪಿಂಚಿಣಿಯಲ್ಲಿ ಬಂದೀತು. ಮಗು ಆಸ್ಪತ್ರೆಯಲ್ಲಿ ಒಬ್ಬಳೇ ಮಲಗಿದ್ದಳು" ಎಂದು ಹೇಳಿ ಒಳಗೆ ಹೋದಳು.

ನಾವು ಓದಿದ್ದು ಸಂಸ್ಕೃತ. ಮೀಮಾಂಸಾಶಾಸ್ತ್ರದಲ್ಲಿ ಪ್ರಧಾನವೆಂದೂ ಅಂಗವೆಂದೂ ಎರಡು ಬಗೆಯ ಕರ್ಮಗಳನ್ನು ಹೇಳಿದ್ದಾರೆಂದು ವಿದ್ಯಾರ್ಥಿಗಳಿಗೆ ಎಷ್ಟೋ ಸಲ ಬೋಧಿಸಿದ್ದೆವು. ಶಾಸ್ತ್ರ ಓದದವರಿಗೂ ದೇವರ ಪೂಜೆಯಿಂದ ಇದು ತಿಳಿದಿದೆ. ಅರ್ಪಿಸಲು ವಸ್ತ್ರವಿಲ್ಲವೆ? ವಸ್ತ್ರಕ್ಕಾಗಿ ಅಕ್ಷತೆ. ಆಭರಣವಿಲ್ಲವೆ? ಆಭರಣಕ್ಕಾಗಿ ಅಕ್ಷತೆ. ಆದರೆ ಪೂಜೆ ಯಾರಿಗೋ ಆ ದೇವರಿಗೆ ಬದಲಾಗಿ ಅಕ್ಷತೆಯನ್ನಿಟ್ಟು ಎದ್ದುಬಿಟ್ಟವರನ್ನು ನಾವು ಕಂಡಿಲ್ಲ. ಅಂಗಕ್ಕೆ ಪ್ರತಿನಿಧಿಯುಂಟು, ಪ್ರಧಾನಕ್ಕಿಲ್ಲ. ಪ್ಯಾರಿಸ್ಸು ಅಂಗ, ಬಾಸೆಲ್ ಅಂಗ, ಮಗಳು ಪ್ರಧಾನ. ಈ ಶಾಸ್ತ್ರವನ್ನು ನಡುರಾತ್ರಿಯಲ್ಲಿ ನಮಗೆ ನೆನಪುಮಾಡಿಕೊಟ್ಟವಳು ಶಾಸ್ತ್ರವನ್ನು ಓದಿದವಳಲ್ಲ. ಹಳೆಯ ಪಟ್ಟಿಯನ್ನು ಹರಿದೆವು. ಹೊಸ ಹಾಳೆಯ ಮೇಲೆ "ಜೂನ್ 28ರ ಬೆಳಗಿಗೆ ಮಗಳ ಮನೆಯಲ್ಲಿರತಕ್ಕದ್ದು" ಎಂಬ ಒಂದೇ ಸಾಲನ್ನು ಬರೆದು, ಉಳಿದುದನ್ನೆಲ್ಲ ಅದಕ್ಕೆ ಹೊಂದಿಸಲು ಕುಳಿತೆವು.

ಮರುದಿನ ನಡೆದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇವೆ. ವಾಚಕರಿಗೆ ಪ್ರಯೋಜನವಾಗುವ ಭಾಗ ಇದು.

ಮೊದಲನೆಯದು ವಿಮಾನ. ಸಂಸ್ಥೆಯವರು ತಾವಾಗಿಯೇ ವಿಮಾನವನ್ನು ರದ್ದುಮಾಡಿದಾಗ ಸಾಮಾನ್ಯವಾಗಿ ಎರಡು ದಾರಿಗಳನ್ನು ತೋರಿಸುತ್ತಾರೆ: ಹಣವನ್ನು ಹಿಂದಕ್ಕೆ ಪಡೆಯುವುದು, ಇಲ್ಲವೆ ಬೇರೊಂದು ವಿಮಾನದಲ್ಲಿ ಹೋಗುವುದು. ಸಿಟ್ಟಿನಲ್ಲಿ ಹಣವನ್ನು ಕೇಳಿಬಿಡುವುದು ಸುಲಭ. ಆದರೆ ಹಣವನ್ನು ಸ್ವೀಕರಿಸಿದೊಡನೆ ನಮ್ಮನ್ನು ಊರು ಮುಟ್ಟಿಸುವ ಅವರ ಹೊಣೆ ತೀರಿಹೋಗುತ್ತದೆ. ಅದೇ ವಾರ ಹೊಸ ಟಿಕೀಟು ಕೊಳ್ಳಹೊರಟರೆ ಬೆಲೆ ಎಷ್ಟೋ ಹೆಚ್ಚಿರುತ್ತದೆ. ಆದುದರಿಂದ ನಾವು ಬೇರೆ ವಿಮಾನವನ್ನೇ ಕೇಳಿದೆವು. ಇಳಿಯುವ ಊರನ್ನು ಪ್ಯಾರಿಸ್ಸಿನ ಬದಲು ಫ್ರಾಂಕ್‌ಫರ್ಟ್ ಮಾಡಿಕೊಡಬೇಕೆಂದೂ ವಿನಯದಿಂದ ಪ್ರಾರ್ಥಿಸಿದೆವು. ಮೂರನೆಯ ಸಲದ ಟೆಲಿಫೋನಿಗೆ ಒಪ್ಪಿದರು. ಹೋಗುವ ಬರುವ ಪ್ರಯಾಣಗಳೆರಡೂ ಒಂದೇ ಟಿಕೀಟಿನಲ್ಲಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಮೊದಲ ಪ್ರಯಾಣವನ್ನು ಹೇಳದೆ ಕೇಳದೆ ಬಿಟ್ಟು ಬೇರೆ ದಾರಿಯಲ್ಲಿ ಹೋದರೆ, ಹಿಂದಿರುಗುವ ಭಾಗವನ್ನೂ ಸಾಮಾನ್ಯವಾಗಿ ರದ್ದುಗೊಳಿಸುತ್ತಾರೆ. ಏನು ಮಾಡಿದರೂ ಅವರಿಗೆ ತಿಳಿಸಿಯೇ ಮಾಡತಕ್ಕದ್ದು.

ಈ ನಡುವೆ ಹಿತೈಷಿಗಳೊಬ್ಬರು, "ಲಂಡನ್ನಿನ ಮೂಲಕ ಹೋಗಿ, ನಾಳೆಯೇ ಸ್ಥಳವಿದೆ" ಎಂದು ಸಲಹೆಯಿತ್ತರು. ಮನಸ್ಸು ಒಮ್ಮೆ ಅತ್ತ ಹರಿಯಿತು. ಥೇಮ್ಸ್ ನದಿಯ ದಡದಲ್ಲಿ 2015ರ ನವೆಂಬರ್ 14ರಂದು ಅನಾವರಣವಾದ ಬಸವೇಶ್ವರರ ಪ್ರತಿಮೆಯಿದೆ. ಕನ್ನಡಿಗನಾದವನಿಗೆ ಅದನ್ನು ನೋಡುವ ಆಸೆಯಾಗುವುದು ಸಹಜ. ಆದರೆ ಬ್ರಿಟನ್ ಷೆಂಗೆನ್ ಕೂಟಕ್ಕೆ ಸೇರಿದ ದೇಶವಲ್ಲ. ಆ ನಗರದಲ್ಲಿ ಕಾಲಿಡಲು ಬೇರೆಯ ವೀಸಾ ಬೇಕು. ವಿಮಾನ ಬದಲಾಯಿಸುವುದಕ್ಕೂ ಕೆಲವು ಸಂದರ್ಭಗಳಲ್ಲಿ ಅಪ್ಪಣೆ ಬೇಕಾಗುತ್ತದೆ. ಒಂದೇ ಸಲ ಪ್ರವೇಶಿಸಲು ಅನುಮತಿಯಿರುವ ಷೆಂಗೆನ್ ವೀಸಾ ಪಡೆದವರು ನಡುವೆ ಲಂಡನ್ನಿಗೆ ಹೋದರೆ ಮತ್ತೆ ಒಳಕ್ಕೆ ಬರುವಂತಿಲ್ಲ. ಭೂಪಟದಲ್ಲಿ ಹತ್ತಿರವಿರುವುದೆಲ್ಲ ಪ್ರಯಾಣದಲ್ಲಿ ಹತ್ತಿರವಲ್ಲ.

ಎರಡನೆಯದು ವೀಸಾ. 2025ರ ಆರಂಭದಿಂದ ಷೆಂಗೆನ್ ಕೂಟದಲ್ಲಿ 29 ದೇಶಗಳು ಪೂರ್ಣವಾಗಿ ಸೇರಿವೆ. ಒಂದು ದೇಶ ಕೊಟ್ಟ ವೀಸಾದಿಂದ ಉಳಿದ ದೇಶಗಳಲ್ಲಿಯೂ ಸಂಚರಿಸಬಹುದು. ಯಾವುದೇ 180 ದಿನಗಳಲ್ಲಿ 90 ದಿನಗಳನ್ನು ಮೀರಕೂಡದು. ಹೆಚ್ಚು ದಿನ ತಂಗುವ ದೇಶದ ಅಧಿಕಾರಿಗಳಿಗೇ ಅರ್ಜಿ ಸಲ್ಲಿಸಬೇಕೆಂಬುದು ನಿಯಮ. ನಾವು ಮಗಳ ಊರಿನ ಲೆಕ್ಕದಿಂದ ಜರ್ಮನಿಯ ವೀಸಾ ಪಡೆದಿದ್ದೆವಾದುದರಿಂದ, ಪ್ಯಾರಿಸ್ಸನ್ನು ಬಿಟ್ಟರೂ ನಮ್ಮ ಮಾತು ಸುಳ್ಳಾಗಲಿಲ್ಲ. ಪ್ಯಾರಿಸ್ಸಿನ ಲೆಕ್ಕ ತೋರಿಸಿ ಫ್ರಾನ್ಸಿನ ವೀಸಾ ಪಡೆದಿದ್ದು ಆ ದೇಶಕ್ಕೇ ಹೋಗದಿದ್ದರೆ, ಗಡಿಯಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತಿತ್ತು. ದಿನಾಂಕಗಳು ಬದಲಾದಾಗ ವೀಸಾ ಚೀಟಿಯಲ್ಲಿ ಮೂರು ಅಂಶಗಳನ್ನು ಓದಿಕೊಳ್ಳಬೇಕು: ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುವುದು, ಒಟ್ಟು ಎಷ್ಟು ದಿನಗಳ ವಾಸಕ್ಕೆ ಅನುಮತಿ, ಎಷ್ಟು ಸಲ ಪ್ರವೇಶ. ಸಲ್ಲುವ ಅವಧಿ ಉದ್ದವಾಗಿದ್ದರೂ ವಾಸದ ದಿನಗಳು ಕಡಮೆಯಿರುವುದುಂಟು. ರದ್ದಾದ ವಿಮಾನದ ಪತ್ರವನ್ನೂ ಹೊಸ ಟಿಕೀಟನ್ನೂ ಅಚ್ಚುಮಾಡಿಸಿ ಕೈಚೀಲದಲ್ಲಿಟ್ಟುಕೊಂಡೆವು.

ಮೂರನೆಯದು ಕೊಠಡಿಗಳು ಮತ್ತು ರೈಲು. ಬಾಸೆಲ್ಲಿನ ಕೊಠಡಿಯನ್ನು ಎರಡು ದಿನ ಮುಂಚಿನವರೆಗೆ ಬಿಟ್ಟುಕೊಡಬಹುದೆಂಬ ಕರಾರಿನ ಮೇಲೆ, ಸ್ವಲ್ಪ ಹೆಚ್ಚು ಬಾಡಿಗೆಗೆ ಹಿಡಿದಿದ್ದೆವು. ಅದರ ಹಣ ಪೂರ್ತಿ ಬಂತು. ಪ್ಯಾರಿಸ್ಸಿನ ಕೊಠಡಿ ಅಗ್ಗವೆಂದು, ಹಿಂದಕ್ಕೆ ಕೊಡುವುದಿಲ್ಲವೆಂಬ ಕರಾರಿಗೆ ಒಪ್ಪಿ 42,000 ರೂಪಾಯಿ ಕಟ್ಟಿದ್ದೆವು. ನಡೆದದ್ದನ್ನು ವಿವರಿಸಿ, ವಿಮಾನ ರದ್ದಾದ ಪತ್ರವನ್ನು ಜತೆಗಿಟ್ಟು, ಸೌಜನ್ಯದಿಂದ ಇ-ಮೇಲು ಬರೆದೆವು. ಕೊಡಬೇಕಾದ ಹೊಣೆಯಿಲ್ಲದಿದ್ದರೂ ಆ ಗೃಹಸ್ಥರು ಒಂದು ರಾತ್ರಿಯ 14,000 ರೂಪಾಯಿಗಳನ್ನು ಮರಳಿಸಿದರು. ಪ್ಯಾರಿಸ್ಸಿನಿಂದ ಬಾಸೆಲ್ಲಿಗೆ ಹೋಗುವ ರೈಲಿನ 11,000 ರೂಪಾಯಿ ಪೂರ್ತಿ ಮುಳುಗಿತು. ರೈಲು ಸರಿಯಾಗಿಯೇ ಓಡಿತು, ಹೋಗದೆಯಿದ್ದವರು ನಾವು. ಬಿಡಿ ಬಿಡಿಯಾಗಿ ಕೊಂಡ ಟಿಕೀಟುಗಳಿಗೆ ಒಂದರ ಕಷ್ಟ ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ನಮ್ಮ ಪಟ್ಟಿಯಲ್ಲಿ ಅವು ಒಂದೇ ಸರಪಣಿ. ಮಾರಿದವರ ಲೆಕ್ಕದಲ್ಲಿ ಬೇರೆ ಬೇರೆ ಉಂಗುರಗಳು.

ನಾಲ್ಕನೆಯದು ವಿಮೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಇರಲೇಬೇಕು. ಆದರೆ ಆ ಕಡ್ಡಾಯ ರೋಗರುಜಿನಗಳ ಮಟ್ಟಿಗೆ. ಪ್ರಯಾಣ ತಪ್ಪಿದ ನಷ್ಟಕ್ಕೆ ಬೇರೆ ಅಂಶವನ್ನು ಸೇರಿಸಿರಬೇಕು. ನಾವು ಸೇರಿಸಿದ್ದೆವು. ಆದರೂ ಯುದ್ಧದಿಂದಾದ ನಷ್ಟ ಇದಕ್ಕೆ ಒಳಪಡದೆಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಅನೇಕ ವಿಮಾಪತ್ರಗಳಲ್ಲಿ ಈ ವಾಕ್ಯವುಂಟು. ಮಕ್ಕಳ ಉತ್ತರಪತ್ರಿಕೆಗಳಲ್ಲಿ ಒಂದು ಅನುಸ್ವಾರವನ್ನೂ ಬಿಡದೆ ತಿದ್ದಿದ ನಾವು ಇದನ್ನು ಮಾತ್ರ ಓದಿರಲಿಲ್ಲ. ಒಟ್ಟು ನಷ್ಟ 39,000 ರೂಪಾಯಿ.

ನಮಗೊದಗಿದ್ದು ಅಪರೂಪದ ವಿಪತ್ತೆಂದು ವಾಚಕರು ಭಾವಿಸಬಾರದು. 2010ರ ಏಪ್ರಿಲ್ 14ರಂದು ಐಸ್‌ಲೆಂಡಿನ ಒಂದು ಜ್ವಾಲಾಮುಖಿ ಬೂದಿಯನ್ನು ಕಾರತೊಡಗಿತು. ಅದರಿಂದ ಯೂರೋಪಿನ ಬಹುಭಾಗದ ಆಕಾಶ ಸುಮಾರು ಆರು ದಿನ ಮುಚ್ಚಿತು. ಸುಮಾರು ಒಂದು ಲಕ್ಷ ವಿಮಾನಗಳು ರದ್ದಾಗಿ, ಒಂದು ಕೋಟಿಯಷ್ಟು ಪ್ರಯಾಣಿಕರು ತೊಂದರೆಪಟ್ಟರು. 2025ರ ಮಾರ್ಚ್ 21ರಂದು ಸಮೀಪದ ಒಂದು ವಿದ್ಯುತ್ ಕೇಂದ್ರಕ್ಕೆ ಬೆಂಕಿ ಬಿದ್ದುದರಿಂದ ಲಂಡನ್ನಿನ ಹೀಥ್ರೊ ವಿಮಾನನಿಲ್ದಾಣವೇ ಬಹುಹೊತ್ತು ಮುಚ್ಚಿತ್ತು. ಬೂದಿ, ಬೆಂಕಿ, ಯುದ್ಧ, ಮುಷ್ಕರ—ಕಾರಣ ಯಾವುದಾದರೇನು, ಬಾಗಿಲ ಬಳಿ ಪೆಟ್ಟಿಗೆ ಇಟ್ಟುಕೊಂಡವನ ಪಾಡು ಒಂದೇ.

27ರ ಮುಂಜಾನೆ ಮತ್ತೆ ಹೊರಟೆವು. ಈ ಸಲ ಕುಂಕುಮಕ್ಕೆ ಯಾರನ್ನೂ ಎಬ್ಬಿಸಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲುನಿಲ್ದಾಣಕ್ಕೆ ಬಂದರೆ, ನಾವು ಹತ್ತಬೇಕಾಗಿದ್ದ ಸ್ಟುಟ್‌ಗಾರ್ಟಿನ ಗಾಡಿ ರದ್ದಾಗಿದೆಯೆಂದು ಫಲಕದಲ್ಲಿ ಬರೆದಿತ್ತು. ನಾಲ್ಕು ದಿನಗಳ ಹಿಂದಾಗಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಈಗ ನಾವಿಬ್ಬರೂ ಪರಸ್ಪರ ಮುಖ ನೋಡಿ ನಕ್ಕೆವು. ನಮ್ಮದು ಅದೊಂದೇ ಗಾಡಿಗೆ ಸಲ್ಲುವ ಅಗ್ಗದ ಟಿಕೀಟು. ಆದರೆ ಗಾಡಿ ರದ್ದಾದಾಗ ಆ ಕಟ್ಟು ಸಡಿಲವಾಗಿ, ಅದೇ ಊರಿಗೆ ಬೇರೆ ಗಾಡಿಯಲ್ಲಿ ಹೋಗಬಹುದೆಂದು ಮಗಳು ಮೊದಲೇ ತಿಳಿಸಿದ್ದಳು. ಕಿಟಕಿಯಲ್ಲಿ ವಿಚಾರಿಸಿ ದೃಢಪಡಿಸಿಕೊಂಡು, ಮಾನ್‌ಹೈಮಿನಲ್ಲಿ ಗಾಡಿ ಬದಲಾಯಿಸಿ ಸ್ಟುಟ್‌ಗಾರ್ಟನ್ನು ಮುಟ್ಟಿದೆವು. ಯೂರೋಪು ಒಕ್ಕೂಟದಲ್ಲಿ ರೈಲು ಒಂದು ಗಂಟೆಗಿಂತ ಹೆಚ್ಚು ತಡವಾದರೆ ಟಿಕೀಟಿನ ಬೆಲೆಯಲ್ಲಿ ಕಾಲು ಭಾಗ, ಎರಡು ಗಂಟೆ ಮೀರಿದರೆ ಅರ್ಧ ಭಾಗ ಪ್ರಯಾಣಿಕನಿಗೆ ಸಲ್ಲತಕ್ಕದ್ದೆಂದು ನಿಯಮವಿದೆ. ಪ್ರಕೃತಿಯ ವಿಕೋಪದಂಥ ಕಾರಣಗಳಿಗೆ ಮಾತ್ರ ವಿನಾಯಿತಿ. ವಿಮಾನದ ವಿಷಯದಲ್ಲಿಯೂ 2004ರ ಒಂದು ಕಾನೂನಿದೆ. ಯೂರೋಪು ಒಕ್ಕೂಟದ ನಿಲ್ದಾಣದಿಂದ ಹೊರಡುವ ಯಾವ ದೇಶದ ವಿಮಾನವಾದರೂ ಅದಕ್ಕೆ ಒಳಪಡುತ್ತದೆ. ಬೆಂಗಳೂರಿನಿಂದ ಹೊರಡುವಾಗ ಮಾತ್ರ, ವಿಮಾನ ಆ ಒಕ್ಕೂಟದ ಸಂಸ್ಥೆಯದಾಗಿದ್ದರಷ್ಟೆ. ರದ್ದಾದಾಗ ಹಣ ಅಥವಾ ಬೇರೆ ವಿಮಾನ, ಕಾಯುವಾಗ ಊಟ ಮತ್ತು ವಸತಿ, ಇವನ್ನು ಧೈರ್ಯವಾಗಿ ಕೇಳಬಹುದು. ತಪ್ಪು ಸಂಸ್ಥೆಯದೇ ಆಗಿದ್ದು ಹದಿನಾಲ್ಕು ದಿನ ಮುಂಚೆ ತಿಳಿಸದಿದ್ದರೆ, ದೂರಕ್ಕೆ ತಕ್ಕಂತೆ 250ರಿಂದ 600 ಯೂರೋಗಳವರೆಗೆ ಪರಿಹಾರವೂ ಉಂಟು. ಇದನ್ನು ತಿಳಿದು ಕೇಳಿದವನಿಗೆ ದೊರೆಯುತ್ತದೆ. ಸುಮ್ಮನೆ ಕುಳಿತವನ ಬಳಿಗೆ ಬರುವುದು ಕಡಮೆ.

ನಿಲ್ದಾಣದಲ್ಲಿ ಮಗಳು ಕಾದಿದ್ದಳು. ತಾಯಿ ಅವಳ ಮುಖವನ್ನು ನೋಡಲಿಲ್ಲ, ಕೈಗಳನ್ನು ಹಿಡಿದು ಮಣಿಕಟ್ಟನ್ನು ಮುಟ್ಟಿ ನೋಡಿದಳು. "ಇಳಿದುಹೋಗಿದ್ದೀಯೆ" ಎಂದಷ್ಟೇ ಹೇಳಿದಳು. ಮುಂದಿನ ಐದು ದಿನ ನಾವು ಯಾವ ಅರಮನೆಯನ್ನೂ ನೋಡಲಿಲ್ಲ. ಬೇಳೆ ಹುರಿದು ಸಾರಿನಪುಡಿ ಮಾಡಿದ್ದು, ಸಂಜೆ ತೋಟದ ಬೆಂಚಿನ ಮೇಲೆ ಕುಳಿತದ್ದು, ಆಸ್ಪತ್ರೆಯ ಸಂಗತಿಯನ್ನು ಮಗಳು ಸ್ವಲ್ಪ ಸ್ವಲ್ಪವಾಗಿ ಹೇಳಿದ್ದು, ಇಷ್ಟೇ ಕಾರ್ಯಕ್ರಮ. ನಾಲ್ಕನೆಯ ದಿನ ಅವಳು ಹೇಳಿದ ಮಾತುಗಳನ್ನು ಮೊದಲನೆಯ ದಿನ ಹೇಳಿರಲಿಲ್ಲ. ಒಂದು ದಿನಕ್ಕೆಂದು ಹೋಗಿದ್ದರೆ ಅವು ಅವಳಲ್ಲಿಯೇ ಉಳಿಯುತ್ತಿದ್ದುವು.

ಜುಲೈ 3ರಂದು ಮಗಳು ಕೆಲಸಕ್ಕೆ ಹೋದಳು. ನಮ್ಮ ಗೃಹಿಣಿ, "ನಿಮ್ಮ ನಿಘಂಟಿನ ಕಿಟ್ಟೆಲ್ ದೊರೆಗಳು ಇದ್ದ ಊರು ಇಲ್ಲಿಂದ ಒಂದು ಗಂಟೆಯ ದಾರಿಯಂತೆ. ಮಗು ಹೇಳಿತು. ಏಳಿ, ಹೋಗಿಬರೋಣ" ಎಂದಳು. ನಮಗೆ ಮಾತು ಹೊರಡಲಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಸುಮಾರು 70,000 ಶಬ್ದಗಳ ಆ ಕನ್ನಡ ನಿಘಂಟನ್ನು ವೃತ್ತಿಯುದ್ದಕ್ಕೂ ತಿರುವಿಹಾಕಿದವರು ನಾವು. ಆದರೂ ನಮ್ಮ ಅಚ್ಚುಕಟ್ಟಾದ ಪಟ್ಟಿಯಲ್ಲಿ ಟ್ಯೂಬಿಂಗೆನ್ ಊರಿಗೆ ಎಡೆಯೇ ಇರಲಿಲ್ಲ! ನೆಕ್ಕಾರ್ ನದಿಯ ದಡದ ಚಿಕ್ಕ ಊರು. 1477ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯ. ಬೋಟ್‌ಲಿಂಕರೊಡನೆ ಸೇರಿ ಏಳು ಸಂಪುಟಗಳ ಸಂಸ್ಕೃತ ಮಹಾಕೋಶವನ್ನು ರಚಿಸಿದ ರೋತ್ ಪಂಡಿತರು ಬೋಧಿಸಿದ್ದು ಅಲ್ಲಿ. ಅದೇ ವಿಶ್ವವಿದ್ಯಾನಿಲಯ 1896ರಲ್ಲಿ ಕಿಟ್ಟೆಲ್ಲರಿಗೆ ಗೌರವ ಪದವಿಯನ್ನಿತ್ತಿತು. 1903ರಲ್ಲಿ ಅವರು ದೇಹಬಿಟ್ಟದ್ದೂ ಆ ಊರಿನಲ್ಲಿಯೇ. ನದಿಯ ಸೇತುವೆಯ ಮೇಲೆ ನಿಂತು, ಕನ್ನಡದ ಒಂದೊಂದು ಶಬ್ದವನ್ನೂ ಆಯ್ದು ಜೋಡಿಸಿದ ಆ ಮಹನೀಯರಿಗೆ ಮನಸ್ಸಿನಲ್ಲಿಯೇ ನಮಸ್ಕರಿಸಿದೆವು.

ಹಿಂದಿರುಗಿದ ಮೇಲೆ ನೆರೆಯವರೊಬ್ಬರು, "ಆ ಜುಲೈ 1ರಂದು ಬಿಸಿಲಿನ ಬೇಗೆಗೆ ಪ್ಯಾರಿಸ್ಸಿನ ಈಫೆಲ್ ಗೋಪುರದ ತುದಿಯನ್ನೇ ಮುಚ್ಚಿದ್ದರಂತೆ, ನೀವು ಹೋಗದಿದ್ದದ್ದೇ ಒಳ್ಳೆಯದಾಯಿತು" ಎಂದು ಸಮಾಧಾನ ಹೇಳಿದರು. ಅದು ದ್ರಾಕ್ಷಿ ಹುಳಿಯೆಂದ ನರಿಯ ಸಮಾಧಾನ. ಪ್ಯಾರಿಸ್ಸನ್ನು ನೋಡಲಾಗಲಿಲ್ಲವೆಂಬ ಕೊರಗು ನಮಗೆ ಇದ್ದೇ ಇದೆ. 39,000 ರೂಪಾಯಿ ಹೋದದ್ದೂ ನಿಜ. ಎಲ್ಲವೂ ಒಳ್ಳೆಯದಕ್ಕೇ ಆಯಿತೆಂದು ನಾವು ಬರೆಯಲಾರೆವು. ಮುಖ್ಯವಾದದ್ದು ಕೈತಪ್ಪಲಿಲ್ಲವೆಂದು ಮಾತ್ರ ಬರೆಯಬಲ್ಲೆವು.

ನಮ್ಮ ಸೀಮೆಯಲ್ಲಿ ಕೆರೆ ಕಟ್ಟಿದವರು ಏರಿಯನ್ನು ಎಷ್ಟು ಭದ್ರವಾಗಿ ಕಟ್ಟಿದರೂ ಒಂದು ಪಕ್ಕದಲ್ಲಿ ಕೋಡಿಯನ್ನು ಬಿಡದೆ ಇರುತ್ತಿರಲಿಲ್ಲ. ಹೆಚ್ಚಿನ ನೀರು ಅಲ್ಲಿ ಹರಿದುಹೋಗುವುದರಿಂದಲೇ ಏರಿ ಉಳಿಯುತ್ತದೆ. ಪ್ರಯಾಣದ ಪಟ್ಟಿಯೂ ಹಾಗೆ. ಎರಡು ದಿನ ಬರಿದಾಗಿರಲಿ. ಸ್ವಲ್ಪ ಹೆಚ್ಚು ತೆತ್ತಾದರೂ ಬಿಟ್ಟುಕೊಡಬಹುದಾದ ಕೊಠಡಿಯನ್ನು ಹಿಡಿಯಿರಿ. ವಿಮೆಯ ಸಣ್ಣಕ್ಷರವನ್ನು ದೊಡ್ಡದಾಗಿ ಓದಿ. ಎಲ್ಲಕ್ಕಿಂತ ಮೊದಲು ಗಂಡಹೆಂಡಿರು ಕುಳಿತು, ಈ ಯಾತ್ರೆಯಲ್ಲಿ ಯಾವುದಕ್ಕೆ ಅಕ್ಷತೆ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಮಾತಾಡಿಕೊಂಡು, ಅದನ್ನು ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಳ್ಳಿ. ನಾವು ಅದನ್ನು ಕೊನೆಯಲ್ಲಿ ಬರೆದೆವು. ಬರೆಯಿಸಿದವಳು ನಮ್ಮ ಗೃಹಿಣಿ.